ಕೋಳಿ ಜಗಳದಲ್ಲಿ ಸೀಟು ಕಳೆದುಕೊಂಡ ವ್ಯಾನು

ಅಮೆರಿಕದ ಪೂರ್ವ ಕರಾವಳಿಯ ಬಾಲ್ಟಿಮೋರ್ ಬಂದರಿನಲ್ಲಿ 2009ರಿಂದ 2013ರವರೆಗೆ ಒಂದು ವಿಚಿತ್ರ ಕೆಲಸ ನಡೆಯುತ್ತಿತ್ತು. ಟರ್ಕಿಯ ಕಾರ್ಖಾನೆಯಲ್ಲಿ ತಯಾರಾದ ಫೋರ್ಡ್ ಕಂಪೆನಿಯ 'ಟ್ರಾನ್ಸಿಟ್ ಕನೆಕ್ಟ್' ವ್ಯಾನುಗಳು ಅಲ್ಲಿ ಹಡಗಿನಿಂದ ಇಳಿಯುತ್ತಿದ್ದವು. ಅವುಗಳ ಹಿಂಭಾಗದಲ್ಲಿ ಸೀಟುಗಳಿದ್ದವು, ಸೀಟ್ ಬೆಲ್ಟುಗಳಿದ್ದವು, ಪಕ್ಕದ ಕಿಟಕಿಗಳಿಗೆ ಗಾಜೂ ಇತ್ತು. ಕಸ್ಟಮ್ಸ್ ವಿಧಿಗಳು ಮುಗಿದದ್ದೇ ತಡ, ಸರಕು ಸಾಗಣೆಗೆಂದು ಮಾರಾಟವಾಗಬೇಕಿದ್ದ ವ್ಯಾನುಗಳ ಹಿಂದಿನ ಸೀಟುಗಳನ್ನು ಕೆಲಸಗಾರರು ಬಿಚ್ಚುತ್ತಿದ್ದರು. ಬೆಲ್ಟುಗಳನ್ನೂ ಕಿತ್ತು, ಹಲವು ವ್ಯಾನುಗಳಲ್ಲಿ ಗಾಜಿನ ಜಾಗಕ್ಕೆ ತಗಡು ಕೂರಿಸುತ್ತಿದ್ದರು. ಒಬ್ಬರೂ ಕೂತು ನೋಡದ ಆ ಹೊಸ ಸೀಟುಗಳು ನೇರ ಗುಜರಿಗೆ ಹೋಗುತ್ತಿದ್ದವು.

ಬಿಚ್ಚಿ ಎಸೆಯುವುದಕ್ಕೆಂದೇ ಸೀಟು ಜೋಡಿಸಿ ಸಮುದ್ರ ದಾಟಿಸುವುದೇಕೆ? ಉತ್ತರ ಆಮದು ಸುಂಕದಲ್ಲಿದೆ. ಆಗ ಪ್ರಯಾಣಿಕರ ವಾಹನಕ್ಕೆ ಸುಂಕ ಶೇ 2.5; ಸರಕು ವಾಹನಕ್ಕೆ ಶೇ 25. ಅಂದರೆ 20 ಸಾವಿರ ಡಾಲರ್ ಬೆಲೆಯ ವ್ಯಾನಿನಲ್ಲಿ ಸೀಟಿದ್ದರೆ 500 ಡಾಲರ್, ಇಲ್ಲದಿದ್ದರೆ 5 ಸಾವಿರ ಡಾಲರ್ ಸುಂಕ. ಒಂದೇ ವಾಹನಕ್ಕೆ ಹತ್ತು ಪಟ್ಟು ವ್ಯತ್ಯಾಸ!

ಈ ಸುಂಕದ ಮೂಲ ಹುಡುಕುತ್ತಾ ಹೋದರೆ ನಾವು ತಲುಪುವುದು ಕೋಳಿ ಗೂಡಿಗೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಅಗ್ಗದ ಶೀತಲೀಕೃತ ಕೋಳಿ ಮಾಂಸ ಯೂರೋಪಿಗೆ, ಮುಖ್ಯವಾಗಿ ಪಶ್ಚಿಮ ಜರ್ಮನಿಗೆ ಹರಿಯತೊಡಗಿತು. ಅಲ್ಲಿನ ರೈತರು ಕಂಗಾಲಾದರು. 1962ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ಆಮದು ಕೋಳಿಯ ಮೇಲೆ ಭಾರೀ ಸುಂಕ ಹೇರಿತು. ಶೀತಲ ಸಮರದ ಆ ಬಿಸಿ ದಿನಗಳಲ್ಲಿಯೂ ಅಧ್ಯಕ್ಷ ಕೆನಡಿ ಜೊತೆಗಿನ ತಮ್ಮ ಪತ್ರವ್ಯವಹಾರದ ಅರ್ಧದಷ್ಟು ಕೋಳಿಯ ಕುರಿತೇ ಇತ್ತು ಎಂದು ಜರ್ಮನಿಯ ಚಾನ್ಸಲರ್ ಅಡೆನಾಯರ್ ಹೇಳಿದ್ದುಂಟು.

ಮಾತುಕತೆ ಫಲಿಸಲಿಲ್ಲ. ಅಮೆರಿಕಕ್ಕಾದ ನಷ್ಟ 2.6 ಕೋಟಿ ಡಾಲರ್ ಎಂದು ಗ್ಯಾಟ್ ತಜ್ಞರ ಸಮಿತಿ ಲೆಕ್ಕ ಹಾಕಿತು. 1963ರ ಡಿಸೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರತೀಕಾರದ ಸುಂಕ ಘೋಷಿಸಿದರು. ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಲಘು ಟ್ರಕ್ಕುಗಳು ಇದಕ್ಕೆ ಸಿಕ್ಕಿಬಿದ್ದವು. ಟ್ರಕ್ಕಿನ ಮೇಲಿನ ಶೇ 25ರ ಪೆಟ್ಟು ಬಿದ್ದದ್ದು ಮುಖ್ಯವಾಗಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿಗೆ. ಜನ ಇದನ್ನು 'ಕೋಳಿ ಸುಂಕ' ಎಂದೇ ಕರೆದರು.

ಪಿಷ್ಟ, ಬ್ರಾಂದಿಗಳ ಮೇಲಿನ ಸುಂಕ ಮುಂದೆ ರದ್ದಾಯಿತು. ಟ್ರಕ್ಕಿನ ಸುಂಕ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಅದು ಸ್ವದೇಶಿ ವಾಹನ ಕಂಪೆನಿಗಳಿಗೆ ಬೆಚ್ಚನೆಯ ಆಸರೆಯಾಗಿತ್ತು.

ಚಾಪೆ ಕೆಳಗೆ ತೂರುವವರಿದ್ದರೆ ರಂಗೋಲಿ ಕೆಳಗೆ ತೂರುವವರೂ ಇರುತ್ತಾರಷ್ಟೆ. ಕೆಲವು ಕಂಪೆನಿಗಳು ಟ್ರಕ್ಕಿನ ಮುಂಭಾಗ ಮತ್ತು ಚಾಸಿಯನ್ನಷ್ಟೇ ಕಡಿಮೆ ಸುಂಕದಲ್ಲಿ ತಂದು, ಸರಕಿನ ತೊಟ್ಟಿಯನ್ನು ಅಮೆರಿಕದಲ್ಲಿ ಜೋಡಿಸಿದವು. 1980ರಲ್ಲಿ ಈ ದಾರಿ ಮುಚ್ಚಿತು. ಜಪಾನಿನ ಸುಬಾರು ಕಂಪೆನಿಯದು ಇನ್ನೊಂದು ಉಪಾಯ. ಅದರ 'ಬ್ರಾಟ್' ಎಂಬ ಪುಟ್ಟ ಪಿಕಪ್ಪಿನ ತೆರೆದ ತೊಟ್ಟಿಯಲ್ಲಿ ಹಿಮ್ಮುಖವಾಗಿ ಎರಡು ಪ್ಲಾಸ್ಟಿಕ್ ಸೀಟುಗಳನ್ನು ಕೂರಿಸಲಾಯಿತು. ಬಿಸಿಲು, ಗಾಳಿ, ಮಳೆಗೆ ಮೈಯೊಡ್ಡಿ ಕೂರುವ ಸೀಟು! ಆದರೂ ಕಾಗದದಲ್ಲಿ ಅದು ಪ್ರಯಾಣಿಕರ ವಾಹನ. ಸುಬಾರು ಸೀಟು ಸೇರಿಸಿ ಗೆದ್ದರೆ, ಫೋರ್ಡ್ ಸೇರಿಸಿ ತೆಗೆಯಲು ಹೊರಟಿತು.

2013ರಲ್ಲಿ ಕಸ್ಟಮ್ಸ್ ಇಲಾಖೆ ಫೋರ್ಡ್ ವಿರುದ್ಧ ತೀರ್ಪಿತ್ತಿತು. ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ ಸ್ವಾರಸ್ಯಕರವಾದದ್ದು: ವಸ್ತುವನ್ನು ಅಳೆಯಬೇಕಾದದ್ದು ಬಂದರಿಗೆ ಬಂದಾಗಿನ ಸ್ಥಿತಿಯಿಂದಲೋ, ಅದರ ಉದ್ದೇಶದಿಂದಲೋ? ಸ್ಥಿತಿಯನ್ನು ನೋಡಿದರೆ ಸಾಕೆಂದು 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಫೋರ್ಡ್ ಪರ ನಿಂತಿತು. ಆದರೆ ಆ ಸೀಟುಗಳು ಖರ್ಚು ಉಳಿಸಿ ಮಾಡಿದವು, ತಲೆಗೆ ಆನಿಸುವ ದಿಂಬೂ ಅವಕ್ಕಿರಲಿಲ್ಲ. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಉದ್ದೇಶವನ್ನೂ ಪರಿಗಣಿಸಿ ತೀರ್ಪನ್ನು ತಿರುವಿಹಾಕಿತು. ಮರುವರ್ಷ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಕಡೆಗೆ 2024ರ ಮಾರ್ಚ್‌ನಲ್ಲಿ 36.5 ಕೋಟಿ ಡಾಲರ್ ಕೊಡಲು ಫೋರ್ಡ್ ಒಪ್ಪಿತು.

ಜರ್ಮನಿಯನ್ನು ಶಿಕ್ಷಿಸಲು ಹುಟ್ಟಿದ ಸುಂಕವೊಂದು 60 ವರ್ಷಗಳ ನಂತರ ಅಮೆರಿಕದ್ದೇ ಕಂಪೆನಿಯಿಂದ ದಂಡ ಕಕ್ಕಿಸಿತು. ಕೋಳಿಯ ಜಗಳವಾಡಿದ ಕೆನಡಿ, ಅಡೆನಾಯರ್ ಆ ಹೊತ್ತಿಗೆ ಇತಿಹಾಸದ ಪುಟ ಸೇರಿ ದಶಕಗಳೇ ಕಳೆದಿದ್ದವು. ಕೋಪದಲ್ಲಿ ಸುಂಕ ಹೇರುವುದು ಒಂದು ದಿನದ ಕೆಲಸ. ಒಮ್ಮೆ ಅದರ ನೆರಳಿನಲ್ಲಿ ಲಾಭದ ಗಿಡ ಬೇರೂರಿದರೆ ಕೀಳುವವರು ಯಾರು? ಆ ಲೆಕ್ಕದಲ್ಲಿ ಸೀಟು ಹೊಲಿದವನ ಶ್ರಮ, ಅದನ್ನು ಕಿತ್ತವನ ಶ್ರಮ ಎರಡೂ ಗುಜರಿಯ ಪಾಲಾದವು.