ಆತಂಕಕ್ಕೆ ಥೆರಪಿ: ದಾವಣಗೆರೆ, ಹರಿಹರದಲ್ಲಿ ಎಲ್ಲಿಂದ ಶುರು, ಎಷ್ಟು ಖರ್ಚು?

ಎದೆ ಡವಡವ, ನಿದ್ದೆ ಇಲ್ಲ, ಇಸಿಜಿ ಮಾತ್ರ ನಾರ್ಮಲ್. ವಾರಗಟ್ಟಲೆ ಹೀಗೇ ಇದ್ರೆ ಮುಂದೇನು?

ಮೊದಲ ಕರೆ: ಟೆಲಿ ಮನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. 24 ಗಂಟೆ, ಕನ್ನಡದಲ್ಲಿ, ಉಚಿತ.

ಮೊದಲ ಭೇಟಿ: ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ಹರಿಹರದವರು ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕ್ಲಿನಿಕ್ ಯಾವಾಗ ಅಂತ ಕೇಳಿ. ಈ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕುಗಳಿಗೆ ಬರೋದು ಸಾಮಾನ್ಯವಾಗಿ ಮಂಗಳವಾರ. ದಾವಣಗೆರೆಗೇ ಹೋಗೋದಾದ್ರೆ ಸುಮಾರು 14 ಕಿ.ಮೀ.; ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಫ್ರೀ.

ಯಾರ ಹತ್ತಿರ: ಮಾತ್ರೆ ಬರೆಯೋರು ಮನೋವೈದ್ಯರು. ಮಾತಿನ ಚಿಕಿತ್ಸೆ ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೇಳೋಕೆ ಸಂಕೋಚ ಬೇಡ.

ಖರ್ಚು: ಖಾಸಗಿಯಲ್ಲಿ ಒಂದು ಸೆಷನ್ನಿನ ಫೀಸು ಕೇಳಿದ್ರೆ ಸಾಲದು. ಆತಂಕಕ್ಕೆ ಬಳಸುವ ಸಿಬಿಟಿ ಸಾಮಾನ್ಯವಾಗಿ 8ರಿಂದ 20 ಸೆಷನ್ ಬೇಡುತ್ತೆ. ಫೀಸನ್ನು 12ರಿಂದ ಗುಣಿಸಿ, ರಜೆ ಹಾಕಿದ ದಿನಗಳ ಸಂಬಳ ಸೇರಿಸಿ. ಅದೇ ನಿಜವಾದ ಬಿಲ್. ವಿದ್ಯಾರ್ಥಿ ರಿಯಾಯ್ತಿ ಇದೆಯಾ ಅಂತ ಫೋನಲ್ಲೇ ವಿಚಾರಿಸಿ.

ವಿಮೆ: ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅನ್ನುತ್ತೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್. ಆದರೆ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡೋದು ಅಡ್ಮಿಟ್ ಆದ್ರೆ ಮಾತ್ರ. ಥೆರಪಿಗೆ ಯಾರು ಅಡ್ಮಿಟ್ ಆಗ್ತಾರೆ? ಕಾಗದದ ಸಮಾನತೆ ಒಪಿಡಿ ಬಾಗಿಲಲ್ಲೇ ನಿಂತುಬಿಡುತ್ತೆ.

ಸರ್ಕಾರಿ ಚಿಕಿತ್ಸೆ ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ನಿಮ್ಮ ಹಕ್ಕು. ‘ಡಾಕ್ಟ್ರು ಬಂದಿಲ್ಲ’ ಅಂದ್ರೆ ಸುಮ್ಮನೆ ವಾಪಸಾಗಬೇಡಿ. ಯಾವತ್ತು ಬರ್ತಾರೆ ಅಂತ ಕೇಳಿಕೊಂಡೇ ಬನ್ನಿ.