ಎರೆ ಹೊಲದ ಇನ್ನೊಂದು ಹೆಸರು

ಸಿರುಗುಪ್ಪ ಸೀಮೆಯ ಹಚ್ಚೊಳ್ಳಿಯಲ್ಲಿ ಗೊಬ್ಬರದ ಅಂಗಡಿ ಮುಂದೆ ನಿಂತ ಯುವ ರೈತನೊಬ್ಬ ಫೋನಿನಲ್ಲಿ ಹೇಳುತ್ತಿದ್ದ: “ನಮ್ದು ಪೂರಾ ಬ್ಲ್ಯಾಕ್ ಸಾಯಿಲ್ ಸಾರ್.” ಕಟ್ಟೆ ಮೇಲೆ ಕೂತಿದ್ದ ಹಿರಿಯರು ತಡೆಯಲಾರದೆ ಅಂದರು: “ಎರಿ ಹೊಲ ಅನ್ನಪಾ!”

ಹಿರಿಯರ ಮಾತೇ ಸರಿ. ಈ ಮಣ್ಣಿಗೆ ‘ಬ್ಲ್ಯಾಕ್ ಸಾಯಿಲ್’ ಎಂಬಷ್ಟು ಬಡ ಹೆಸರು ಹಳೆಯ ಇಂಗ್ಲಿಷರಿಗೂ ಸಾಲಲಿಲ್ಲ. ಅವರು ಇಲ್ಲಿಯದೇ ಒಂದು ಪದ ಎತ್ತಿಕೊಂಡರು: ರೇಗರ್. 1840ರ ದಶಕದಲ್ಲಿ ದಕ್ಷಿಣ ಭಾರತದ ಭೂರಚನೆ ಕುರಿತು ಬರೆದ ಕ್ಯಾಪ್ಟನ್ ನ್ಯೂಬೋಲ್ಡ್ ಇದನ್ನು ಧಾರಾಳವಾಗಿ ಬಳಸಿದ. ರೇಗರ್ ನೀರು ತಂದು ಹಾಸಿದ ಮಣ್ಣೋ, ಕಲ್ಲು ಸವೆದು ಆದದ್ದೋ ಎಂದು ಆ ಕಾಲದ ಪಂಡಿತರು ವಾದ ಮಾಡಿದರು. ಯೂಲ್ ಮತ್ತು ಬರ್ನೆಲ್ 1886ರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಅದಕ್ಕೆ ಜಾಗ ಕೊಟ್ಟರು. ಇಂದು ಮಣ್ಣಿನ ವಿಜ್ಞಾನಿಗಳು ವರ್ಟಿಸಾಲ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ತಿರುಗಿಸುವುದು, ಮಗುಚುವುದು ಎಂದರ್ಥ. ಬೇಸಿಗೆಯಲ್ಲಿ ಬಿರಿದು, ಮೇಲಿನ ಮಣ್ಣನ್ನು ತನ್ನ ಬಿರುಕಿನೊಳಗೇ ಉದುರಿಸಿಕೊಂಡು, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ನೆಲ ತಾನೇ ತನ್ನನ್ನು ಉತ್ತುಕೊಂಡ ಹಾಗೆ.

ರೇಗರ್ ಬಂದದ್ದು ತೆಲುಗಿನ ರೇಗಡಿಯಿಂದ ಎನ್ನುವುದು ವಾಡಿಕೆಯ ವಿವರಣೆ. ಅಷ್ಟಕ್ಕೇ ನಿಲ್ಲುವುದೇಕೆ? ರೇಗಡಿಯ ಒಳಗಿರುವುದು ನಮ್ಮ ಎರೆಯೇ ಎಂಬುದು ಈ ಅಂಕಣದ ವಾದ. ಕನ್ನಡದ ಎರಡು ತೆಲುಗಿನಲ್ಲಿ ರೆಂಡು, ಒರಳು ರೋಲು, ಇರುಳು ರೇಯಿ. ಮೊದಲ ಸ್ವರ ಹಿಂದೆ ಸರಿದು ರಕಾರ ಮುಂದೆ ಬರುವ ಈ ಪಲ್ಲಟಕ್ಕೆ ಎರೆ ಸಿಕ್ಕರೆ ‘ರೇ’ ಆಗದೆ ಇನ್ನೇನಾದೀತು? ಒಂದೇ ಉಸಿರಿನಲ್ಲಿ ಕನ್ನಡವನ್ನೂ ತೆಲುಗನ್ನೂ ಆಡುವ ಸಿರುಗುಪ್ಪದ ಸಂತೆಗೆ ಹೋದವರಿಗೆ ಇದು ದೂರದ ಊಹೆ ಅನ್ನಿಸದು.

ಎರೆಯ ನಿಜವಾದ ಅರ್ಥ ಮಾತ್ರ ಕೋಶದಲ್ಲಿಲ್ಲ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿದೆ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೆರವಣಿಗೆ ಮುಗಿದು ಹದಿನೈದು ದಿನಕ್ಕೆ ಮನೆಯೊಳಗೆ ಮಣ್ಣಿನ ಎತ್ತುಗಳು ಕೂರುತ್ತವೆ. ಮಕ್ಕಳು ಎರೆಮಣ್ಣು ತಂದು ಕಲ್ಲು, ಕಸ ಆರಿಸುತ್ತಾರೆ; ಅಜ್ಜಿ ಅದನ್ನು ರೊಟ್ಟಿಹಿಟ್ಟಿನಂತೆ ನಾದುತ್ತಾಳೆ. ಹಿಣಿಲು ತಿದ್ದಿ, ಕೋಡು ಮೂಡಿಸಿ, ಮುಂದೊಂದು ಮೇವಿನ ಗ್ವಾದಲಿ ಇಡುವ ತನಕ ಮಣ್ಣು ಬಿಡದೆ ಹಿಡಿದಿರಬೇಕು. ಕೆಂಪು ಮಸಾರಿ ಮಣ್ಣಿಗೆ ಆ ಹಿಡಿತವಿಲ್ಲ, ಕೋಡು ಮುರಿಯುತ್ತದೆ. ಮಳೆಗಾಲದಲ್ಲಿ ಬಂಡಿಯ ಗಾಲಿ ಕಚ್ಚಿ ನಿಲ್ಲಿಸುವ, ಚಪ್ಪಲಿಗೆ ಅಂಟಿ ನಡೆದವರನ್ನು ಗೇಣುದ್ದ ಎತ್ತರಿಸುವ ಅಂಟೇ ಇಲ್ಲಿ ದೇವರ ಎತ್ತಿಗೆ ಮೈಯಾಗುತ್ತದೆ. ಹೆಂಗಸರು ತಲೆಗೂದಲು ತೊಳೆಯುತ್ತಿದ್ದದ್ದೂ ಇದೇ ಮಣ್ಣಿನಿಂದ. ಇಷ್ಟೆಲ್ಲ ‘ಬ್ಲ್ಯಾಕ್’ ಎಂಬ ಬಣ್ಣದ ಮಾತಿನಲ್ಲಿ ಎಲ್ಲಿದೆ?

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ, ಮುಂದೆ ಕಾಲುವೆ ನೀರು ಬಂದ ಮೇಲೆ ಜೋಳ, ಹತ್ತಿಯ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ನಿಂತಲ್ಲಿ ಬಿರುಕು ಕಾಣುವುದಿಲ್ಲ. ಪದವೂ ಹಾಗೇ ಮುಚ್ಚಿಹೋಗುತ್ತಿದೆ. ಶಾಲೆಯ ಭೂಗೋಳದಲ್ಲಿ ಮಕ್ಕಳು ‘ಕಪ್ಪು ಮಣ್ಣು ಅಥವಾ ರೇಗರ್’ ಎಂದು ಬಾಯಿಪಾಠ ಮಾಡುತ್ತಾರೆ, ಅದು ತಮ್ಮ ಅಜ್ಜನ ಹೊಲ ಎಂದು ತಿಳಿಯದೆ. ಸಿರುಗುಪ್ಪ ಸೀಮೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ರೇಗರ್ ಪಾಠದ ದಿನ ಕರಿಹಲಗೆಯ ಮೇಲೆ ಮೊದಲು ‘ಎರೆ’ ಎಂದು ಬರೆಯಿರಿ, ಒಂದು ಹಿಡಿ ಮಣ್ಣನ್ನೂ ಮಕ್ಕಳ ಕೈಗೆ ಕೊಡಿ.