ಪ್ರೋಟೀನಿನ ಬೆನ್ನು ಹತ್ತಿದ ಕಾಲ

ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ (ಇಂದಿನ ಘಾನಾ) ಸೇವೆಯಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೈ ಬಾತು ಚರ್ಮ ಸುಲಿದು ಸಾಯುತ್ತಿದ್ದ ಎಳೆಯ ಮಕ್ಕಳನ್ನು ಕಂಡರು. ಆ ಕಾಯಿಲೆಗೆ ಸ್ಥಳೀಯರು ಹೇಳುತ್ತಿದ್ದ ಹೆಸರನ್ನೇ 1935ರಲ್ಲಿ ವೈದ್ಯಲೋಕಕ್ಕೆ ತಿಳಿಸಿದರು: ಕ್ವಾಶಿಯೋರ್ಕರ್. ಗಾ ಭಾಷೆಯಲ್ಲಿ ಇದಕ್ಕೆ, ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ರೋಗ ಎಂಬ ಅರ್ಥವಿದೆ. ಮೊಲೆ ಬಿಡಿಸಿದ ಮಗುವಿಗೆ ಅಲ್ಲಿ ಸಿಗುತ್ತಿದ್ದುದು ಮೆಕ್ಕೆಜೋಳದ ಗಂಜಿ. ಪ್ರೋಟೀನಿನ ಕೊರತೆ ಇರಬಹುದೆಂದು ವಿಲಿಯಮ್ಸ್ ಊಹಿಸಿದ್ದರು.

ತಾಯಿ, ಹೆರಿಗೆಗಳ ಅಂತರ, ಬಡತನ ಎಲ್ಲವೂ ಆ ಹೆಸರಿನಲ್ಲೇ ಇದ್ದವು. ತಜ್ಞರು ಹಿಡಿದುಕೊಂಡದ್ದು ಪ್ರೋಟೀನನ್ನು ಮಾತ್ರ. 1955ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಪ್ರೋಟೀನ್ ಸಲಹಾ ಮಂಡಳಿಯೇ ಹುಟ್ಟಿತು. 1968ರ ವಿಶ್ವಸಂಸ್ಥೆಯ ವರದಿ, 'ಪ್ರೋಟೀನ್ ಬಿಕ್ಕಟ್ಟು' ಎದುರಾಗಲಿದೆಯೆಂದು ಎಚ್ಚರಿಸಿತು. ಮೀನಿನ ಹಿಟ್ಟು, ಪೆಟ್ರೋಲಿಯಂ ಮೇಲೆ ಬೆಳೆಸಿದ ಯೀಸ್ಟ್ ಮುಂತಾದ ಪ್ರಯೋಗಗಳಿಗೆ ಹಣ ಹರಿಯಿತು. ಮೈಸೂರಿನ ಚೆಲುವಾಂಬ ಭವನದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವೂ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ 'ಬಹೂಪಯೋಗಿ ಆಹಾರ' ತಯಾರಿಸಿತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಕೈಗೆಟಕುವ ಅಗ್ಗದ ದೇಶೀ ಪದಾರ್ಥಗಳಿಂದ ಮಾಡಿದ ಕೆಲಸ ಅದು.

ಪ್ರಶ್ನೆಯೇ ತಪ್ಪಿರಬಹುದೆಂಬ ಅನುಮಾನ ಎತ್ತಿದವರಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಪ್ರಮುಖರು. ಬಾತುಹೋದ ಮಕ್ಕಳ ಊಟಕ್ಕೂ ಒಣಗಿ ಕಡ್ಡಿಯಾದ ಮಕ್ಕಳ ಊಟಕ್ಕೂ ಅವರಿಗೆ ವ್ಯತ್ಯಾಸ ಕಾಣಲಿಲ್ಲ. ಇಬ್ಬರಿಗೂ ಊಟವೇ ಸಾಲುತ್ತಿರಲಿಲ್ಲ. ಹೊಟ್ಟೆ ತುಂಬದ ದೇಹ, ತಿಂದ ಪ್ರೋಟೀನನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಅವರ ತಂಡ ಹಳ್ಳಿಯ ಮಕ್ಕಳಿಗೆ ಗೋಧಿ ಹಿಟ್ಟು, ಸಕ್ಕರೆ, ಎಣ್ಣೆಯ ತಿನಿಸು ಕೊಟ್ಟು ನೋಡಿತು. ದಿನಕ್ಕೆ ಸುಮಾರು 300 ಕ್ಯಾಲರಿ. ಪ್ರೋಟೀನ್ ಬರೀ 3 ಗ್ರಾಂ. ಮಕ್ಕಳ ತೂಕವೂ ಎತ್ತರವೂ ಏರಿದವು. ಈ ಫಲಿತಾಂಶ 1973ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದರ ವರದಿ ಪ್ರೋಟೀನಿನ ಅಗತ್ಯದ ಅಂದಾಜನ್ನು ತಗ್ಗಿಸಿತು. ಜಗತ್ತಿನ ಪ್ರೋಟೀನ್ ಕೊರತೆಯ ಬಹುಪಾಲು ಕಾಗದದ ಮೇಲೆಯೇ ಕರಗಿಹೋಯಿತು! 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನು ಮಹಾ ಎಡವಟ್ಟೆಂದೇ ಕರೆದರು. 1977ರಲ್ಲಿ ಸಲಹಾ ಮಂಡಳಿ ಮುಚ್ಚಿತು.

ಯಾವ ಪ್ರಶ್ನೆಗೆ ಮೊದಲು ಹಣ ಎಂಬುದನ್ನು ಕೆಲವೇ ತಜ್ಞರ ಒಲವಿಗೆ ಬಿಡಬಾರದೆಂಬ ಅರಿವು ಬರಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಮಕ್ಕಳ ಆರೋಗ್ಯ ಮತ್ತು ಪೌಷ್ಟಿಕತೆಯ ಸಂಶೋಧನೆಗೆಂದು ಇಗೊರ್ ರುಡಾನ್ ಮತ್ತು ಸಂಗಡಿಗರು 2007ರ ಸುಮಾರಿಗೆ ಒಂದು ವಿಧಾನ ರೂಪಿಸಿದರು. ಉತ್ತರ ಸಿಕ್ಕೀತೇ, ಅದರಿಂದ ಫಲವುಂಟೇ, ಜನರಿಗೆ ತಲುಪೀತೇ, ರೋಗದ ಹೊರೆ ಎಷ್ಟು ಇಳಿದೀತು, ಬಡವರಿಗೂ ದಕ್ಕೀತೇ ಎಂದು ಪ್ರತಿಯೊಂದು ಪ್ರಶ್ನೆಗೂ ತಜ್ಞರು ಬೇರೆಬೇರೆಯಾಗಿ ಅಂಕ ಕೊಡಬೇಕು. ಈ ಐದರಲ್ಲಿ ಯಾವುದಕ್ಕೆ ಹೆಚ್ಚು ತೂಕ ಎಂಬುದನ್ನು ಮಾತ್ರ ಜನಸಾಮಾನ್ಯರನ್ನೂ ಕೇಳಿ ನಿಗದಿಮಾಡಬೇಕು. ಆ ವಿಧಾನದಂತೆ ನಡೆದ ಅನೇಕ ಅಧ್ಯಯನಗಳು ಈ ಕೊನೆಯ ಹೆಜ್ಜೆಯನ್ನೇ ಬಿಟ್ಟು ಪಟ್ಟಿ ಮುಗಿಸಿವೆ.